ಜೋತುಬೀಳುವ ಸನ್ ವೈಸರ್‌ಗೆ ಪರಿಹಾರ

ಪ್ರಶ್ನೆ: ಹಳೆಯ ಮಾರುತಿ 800 ಕಾರಿನ ಸನ್ ವೈಸರ್ ಮೇಲೆತ್ತಿದರೂ ನಿಲ್ಲದೆ ಕೆಳಗೆ ಬೀಳುತ್ತದೆ. ಏನು ಮಾಡಬೇಕು?

ಉತ್ತರ: ಚಾಲಕನ ಕಣ್ಣಿಗೆ ಬಿಸಿಲು ತಾಗದಂತೆ ತಡೆಯುವ ಹಲಗೆಯಂಥ ಈ ಭಾಗ ಕಾರು ಚಲಿಸುವಾಗಲೇ ಜಾರಿಬಿದ್ದರೆ ರಸ್ತೆಯೇ ಮರೆಯಾಗುವುದರಿಂದ, ಇದನ್ನು ಸಣ್ಣ ದೋಷವೆಂದು ಕಡೆಗಣಿಸುವುದು ಸರಿಯಲ್ಲ. ಸಾಮಾನ್ಯವಾಗಿ ವೈಸರ್‌ನೊಳಗಿನ ಕ್ಲಿಪ್ ಒಂದು ಸರಳನ್ನು ಬಿಗಿಯಾಗಿ ಹಿಡಿದಿರುತ್ತದೆ. ಇವೆರಡರ ನಡುವಿನ ಘರ್ಷಣೆ, ಅಂದರೆ ಜಾರುವುದನ್ನು ತಡೆಯುವ ಬಲವೇ, ಹಲಗೆಯ ಭಾರವನ್ನು ಹೊರುತ್ತದೆ. ಈ ಮಾದರಿಯ ತಯಾರಿಕೆ 2014ರಲ್ಲೇ ನಿಂತಿರುವುದರಿಂದ, ವರ್ಷಗಳ ಬಿಸಿಲು ಮತ್ತು ಬಳಕೆಯಿಂದ ಆ ಹಿಡಿತ ಸಡಿಲಗೊಂಡಿರುವುದು ಸಹಜ.

ಮೊದಲು ದೋಷದ ಮೂಲವನ್ನು ಗುರುತಿಸಬೇಕು. ಛಾವಣಿಗೆ ಕೂಡಿಸಿದ ಬುಡವೇ ಅಲುಗಾಡಿದರೆ ಸ್ಕ್ರೂಗಳನ್ನು ಬಿಗಿಗೊಳಿಸಿದರೆ ಸಾಕು. ಒಳತುದಿ ಮಾತ್ರ ಜೋತುಬಿದ್ದರೆ ಅದನ್ನು ಹಿಡಿಯುವ ಕೊಕ್ಕೆಯನ್ನು ಬದಲಿಸಬೇಕು. ಬುಡ ಗಟ್ಟಿಯಾಗಿದ್ದು ಹಲಗೆ ಮಾತ್ರ ತಿರುಗಿ ಬೀಳುವುದಾದರೆ ಕ್ಲಿಪ್ ಸಡಿಲವಾಗಿದೆ ಎಂದರ್ಥ. ಆಗ ಸ್ಕ್ರೂ ಬಿಚ್ಚಿ, ಸರಳು ಹೊರಬರುವಂತಿದ್ದರೆ ಹಲಗೆಯನ್ನು ಮೆಲ್ಲನೆ ಎಳೆದು ತೆಗೆದು, ಕ್ಲಿಪ್ ಹಿಡಿಯುವ ಜಾಗದಲ್ಲಿ ಹೀಟ್ ಶ್ರಿಂಕ್ ಟ್ಯೂಬ್, ಅಂದರೆ ಬಿಸಿ ತಾಗಿದಾಗ ಕುಗ್ಗಿ ಅಂಟಿಕೊಳ್ಳುವ ಪ್ಲಾಸ್ಟಿಕ್ ಕೊಳವೆಯ ಒಂದು ತುಂಡನ್ನು ತೊಡಿಸಿ ಮರಳಿ ಜೋಡಿಸಬಹುದು. ಒಂದೇ ತೆಳುಪದರ ಸಾಕು, ಏಕೆಂದರೆ ದಪ್ಪ ಹೆಚ್ಚಿದರೆ ಹಲಗೆ ಸೀಳಬಹುದು. ಎಣ್ಣೆಯನ್ನಂತೂ ಹಾಕಲೇಬಾರದು, ಅದು ಘರ್ಷಣೆಯನ್ನು ಇನ್ನಷ್ಟು ಕುಂದಿಸುತ್ತದೆ. ಪ್ಲಾಸ್ಟಿಕ್ ಸೀಳಿದ್ದರೆ ದುರಸ್ತಿಗಿಂತ, ಬಿಡಿಭಾಗದ ಅಂಗಡಿಯಲ್ಲೋ ಗುಜರಿಯಲ್ಲೋ ಸಿಗುವ ಗಟ್ಟಿಯಾದ ಮತ್ತೊಂದು ವೈಸರ್ ಹಾಕಿಸುವುದೇ ಸುರಕ್ಷಿತ.