ಬೆಟ್ಟದ ಬುಡ

ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ ಎಂಬುದು ಹಿರಿಯರ ಮಾತು. ದೂರದಿಂದ ನೋಡುವವರಿಗೆ ಬೆಟ್ಟವು ನುಣ್ಣಗೆ ಮಾತ್ರವಲ್ಲ, ಅಚಲವಾಗಿಯೂ ಕಾಣುತ್ತದೆ. ಸ್ಥಿರಚಿತ್ತರನ್ನು ಬೆಟ್ಟಕ್ಕೆ ಹೋಲಿಸುವ ವಾಡಿಕೆ ಬಂದುದೂ ಇದರಿಂದಲೇ. ಆದರೆ 2018ರ ಆಗಸ್ಟ್ ತಿಂಗಳಿನಲ್ಲಿ ಕೊಡಗಿನ ಜನರು ಬೆಟ್ಟಗಳೇ ಕದಲಿದುದನ್ನು ಕಂಡರು. ಮಡಿಕೇರಿಯ ಆಸುಪಾಸಿನ ಮಕ್ಕಂದೂರು, ಜೋಡುಪಾಲ, ಮೊಣ್ಣಂಗೇರಿ ಮೊದಲಾದೆಡೆ ಗುಡ್ಡಗಳು ಜರಿದು ಮನೆ, ಗದ್ದೆ, ಕಾಫಿ ತೋಟಗಳು ಕೆಸರಿನಲ್ಲಿ ಹುದುಗಿದವು. ಹಲವರು ಪ್ರಾಣ ಕಳೆದುಕೊಂಡರು. ಸಾವಿರಾರು ಜನರು ಪರಿಹಾರ ಕೇಂದ್ರಗಳಲ್ಲಿ ಆಶ್ರಯ ಪಡೆಯಬೇಕಾಯಿತು.

ಬೆಟ್ಟವು ಏಕೆ ಜರಿಯುತ್ತದೆ? ಪಶ್ಚಿಮಘಟ್ಟಗಳ ಒಡಲು ಕಲ್ಲು. ಅದರ ಮೇಲ್ಭಾಗವು ಯುಗಯುಗಗಳ ಬಿಸಿಲು ಮಳೆಗಳಿಗೆ ಶಿಥಿಲಗೊಂಡು ಮಣ್ಣಾಗಿದೆ. ಈ ಮಣ್ಣು ಇಳಿಜಾರಿನಲ್ಲಿ ನಿಂತಿರುವುದು ಕಣಗಳ ಪರಸ್ಪರ ಹಿಡಿತದಿಂದ. ಮಳೆಯ ನೀರು ಇಂಗಿದಂತೆಲ್ಲ ಮಣ್ಣಿನ ಭಾರ ಹೆಚ್ಚುತ್ತದೆ. ಕಣಗಳ ನಡುವಣ ತೆರವುಗಳೆಲ್ಲ ತುಂಬಿದಾಗ ನೀರಿನ ಒತ್ತಡದಿಂದ ಆ ಹಿಡಿತ ಸಡಿಲುತ್ತದೆ. ಭಾರವು ಹಿಡಿತವನ್ನು ಮೀರಿದ ಕ್ಷಣದಲ್ಲಿ ಗುಡ್ಡ ಜಾರುತ್ತದೆ.

ಇದನ್ನು ತಡೆಯುವುದರಲ್ಲಿ ಕಾಡಿನ ಪಾತ್ರ ಹಿರಿದು. ಎಲೆಗಳ ಚಪ್ಪರವು ಮಳೆಹನಿಗಳ ರಭಸವನ್ನು ಮುರಿಯುತ್ತದೆ. ತರಗೆಲೆಗಳ ಹಾಸು ನೀರನ್ನು ಹೀರಿಕೊಂಡು ಮೆಲ್ಲಮೆಲ್ಲನೆ ಕೆಳಗಿಳಿಸುತ್ತದೆ. ಬೇರುಗಳು ಮಣ್ಣನ್ನು ಬಲೆಯಂತೆ ಬಿಗಿದು ಹಿಡಿಯುತ್ತವೆ. ದೊಡ್ಡ ಮರ, ಪೊದೆ, ಹುಲ್ಲು ಇವುಗಳ ಬೇರುಗಳು ಬೇರೆ ಬೇರೆ ಆಳಕ್ಕಿಳಿಯುವುದರಿಂದ, ಬಗೆಬಗೆಯ ಸಸ್ಯಗಳುಳ್ಳ ಕಾಡಿನಲ್ಲಿ ಆ ಬಲೆಯೂ ದಟ್ಟವಾಗಿರುತ್ತದೆ.

ಆದರೆ ಬೇರಿಗೂ ಒಂದು ಮಿತಿಯುಂಟು. ಬೇರು ತಲಪದಷ್ಟು ಆಳದಲ್ಲಿ ಮಣ್ಣು ಸಡಿಲಿದರೆ ಮರಗಳೂ ಗುಡ್ಡದೊಡನೆ ಜಾರುತ್ತವೆ. ಕೊಡಗಿನ ಕುಸಿತಗಳನ್ನು ಪರಿಶೀಲಿಸಿದ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯ ತಜ್ಞರು ಅತಿವೃಷ್ಟಿಯೊಡನೆ ಇನ್ನೊಂದು ಕಾರಣವನ್ನೂ ಎತ್ತಿ ತೋರಿಸಿದರು: ರಸ್ತೆಗಾಗಿ, ಕಟ್ಟಡಗಳಿಗಾಗಿ ಇಳಿಜಾರನ್ನು ಮನಬಂದಂತೆ ಕಡಿದುದು. ಬೆಟ್ಟದ ಬುಡವು ಮೇಲಣ ಭಾರಕ್ಕೆ ಆನಿಕೆ. ಕೆಳಗಿನ ಚೀಲವನ್ನು ಎಳೆದರೆ ಅಕ್ಕಿಮೂಟೆಗಳ ರಾಶಿ ಉರುಳುವಂತೆ, ಬುಡವನ್ನು ಕಡಿದ ಬೆಟ್ಟವು ಮಳೆಗಾಲಕ್ಕಾಗಿ ಕಾದು ನಿಂತಿರುತ್ತದೆ.

ಜರಿಯುವ ತಾಣವೊಂದು, ಅಳಿಯುವ ಊರು ಮತ್ತೊಂದು ಆಗುವುದೂ ಉಂಟು. 2024ರ ಜುಲೈ 30ರ ನಸುಕಿನಲ್ಲಿ ಕೇರಳದ ವಯನಾಡಿನಲ್ಲಿ ಗುಡ್ಡ ಕುಸಿದುದು ಎತ್ತರದಲ್ಲಿ. ಮಣ್ಣು, ಬಂಡೆ, ಮರಗಳು ಹೊಳೆಯ ಪಾತ್ರದಲ್ಲಿ ನುಗ್ಗಿ ಬಂದು ಮುಂಡಕ್ಕೈ, ಚೂರಲ್‌ಮಲ ಎಂಬ ಊರುಗಳನ್ನು ಅಪ್ಪಳಿಸಿದವು. ನಿದ್ರೆಯಲ್ಲಿದ್ದ ಇನ್ನೂರಕ್ಕೂ ಹೆಚ್ಚು ಜನರು ಮಡಿದರು.

ಬೆಟ್ಟವು ಅನೇಕ ವೇಳೆ ಮುನ್ಸೂಚನೆ ಕೊಟ್ಟೇ ಜರಿಯುತ್ತದೆ. ನೆಲದಲ್ಲಿ ಹೊಸ ಬಿರುಕು ಮೂಡುವುದು, ನೆಟ್ಟಗಿದ್ದ ಮರ ಕಂಬಗಳು ವಾಲುವುದು, ತಿಳಿಯಾಗಿದ್ದ ಒರತೆ ಒಮ್ಮೆಲೆ ಕದಡುವುದು ಇವೆಲ್ಲ ಅದರ ಮಾತುಗಳು. ಅವನ್ನು ಕಂಡೊಡನೆ ಹಿರಿಯರಿಗೆ ತಿಳಿಸಿ, ಸುರಕ್ಷಿತವಾದ ಸ್ಥಳಕ್ಕೆ ತೆರಳಬೇಕು. ಕಂಡ ಬಾಲಕ ಚಿಕ್ಕವನೆಂದು ಹಿರಿಯರೂ ಕಡೆಗಣಿಸಬಾರದು.

ಬೆಟ್ಟದಲ್ಲಿ ಬಾಳಬಾರದೆಂದು ಯಾರೂ ಹೇಳಲಾರರು. ತಲೆತಲಾಂತರದಿಂದ ಜನರು ಅಲ್ಲಿ ಬಾಳಿದ್ದಾರೆ. ಬೆಟ್ಟದ ನೆತ್ತಿಗೆ ಕಾಡನ್ನೂ, ನೀರಿಗೆ ಅದರ ದಾರಿಯನ್ನೂ, ಬುಡಕ್ಕೆ ಅದರ ಮಣ್ಣನ್ನೂ ಉಳಿಸಿ ಬಾಳುವುದೇ ವಿವೇಕ.

ಪ್ರಶ್ನೆಗಳು
1. ಗುಡ್ಡ ಜರಿಯುವುದರಲ್ಲಿ ಮಳೆಯ ನೀರಿನ ಪಾತ್ರವೇನು?
2. ‘ಬೇರಿಗೂ ಒಂದು ಮಿತಿಯುಂಟು’ – ಈ ಮಾತನ್ನು ವಿವರಿಸಿರಿ.
3. ನಿಮ್ಮ ಊರಿನ ಬಳಿಯ ಗುಡ್ಡ ಅಥವಾ ದಿಬ್ಬವೊಂದರ ಬುಡವನ್ನು ನೋಡಿ ಬಂದು, ಕಂಡುದನ್ನು ಹತ್ತು ವಾಕ್ಯಗಳಲ್ಲಿ ಬರೆಯಿರಿ.