ಎಮಿಲಿಯವರ ಗೆರೆಗಳನ್ನು ನೋಡುವ ಬಗೆ

ಆಸ್ಟ್ರೇಲಿಯಾದ ಮೂಲನಿವಾಸಿಗಳ ಕಲೆಯನ್ನು ಹೊಸದಾಗಿ ನೋಡುವವರಿಗೆ, ಎಮಿಲಿ ಕಾಮೆ ಉಂಗ್ವಾರೆ ಅವರ ಚಿತ್ರಗಳಿಂದ ಶುರುಮಾಡಿ ಎನ್ನುತ್ತೇನೆ. ಅವುಗಳಲ್ಲಿ ಮನುಷ್ಯರಿಲ್ಲ, ಪ್ರಾಣಿಗಳಿಲ್ಲ. ಇರುವುದು ಚುಕ್ಕೆ ಮತ್ತು ಗೆರೆ. ಅರ್ಥವಾಗಲಿಲ್ಲವೆಂದು ಮುಂದೆ ಹೋಗಬೇಡಿ. ಆ ಗೆರೆ ಎಲ್ಲಿಂದ ಬಂತೆಂದು ಮೊದಲು ತಿಳಿಯೋಣ.

ಎಮಿಲಿ ಹುಟ್ಟಿದ್ದು 1910ರ ಸುಮಾರಿಗೆ, ದೇಶದ ನಡುಭಾಗದ ಅಲ್ಹಾಲ್ಕೆರೆಯಲ್ಲಿ. ಆಲಿಸ್ ಸ್ಪ್ರಿಂಗ್ಸ್ ಪಟ್ಟಣದಿಂದ ಈಶಾನ್ಯಕ್ಕಿರುವ ಈ ಒಣ ಸೀಮೆಗೆ ಬಿಳಿಯರು ಇಟ್ಟ ಹೆಸರು ಯುಟೋಪಿಯಾ. ಅನ್ಮಟ್ಯೆರ್ ಸಮುದಾಯದ ಎಮಿಲಿ ಬಹುಕಾಲ ಅಲ್ಲಿನ ದನ ಸಾಕುವ ಬಿಳಿಯರ ಎಸ್ಟೇಟುಗಳಲ್ಲಿ ದುಡಿದರು.

ಅವರ ಗೆರೆ ಮೊದಲು ಮೂಡಿದ್ದು ಮೈಮೇಲೆ. ಅವೆಲ್ಯೆ ಎಂಬುದು ಅಲ್ಲಿನ ಹೆಂಗಸರ ಆಚರಣೆ. ಕೆಮ್ಮಣ್ಣು, ಬಿಳಿಮಣ್ಣುಗಳಿಂದ ಎದೆಗೆ, ತೋಳಿಗೆ ಪಟ್ಟೆ ಎಳೆದುಕೊಂಡು ಹಾಡಿ ಕುಣಿಯುತ್ತಾರೆ. ತಮ್ಮ ನೆಲವನ್ನು, ಅದರ ಪೂರ್ವಜರನ್ನು ನೋಡಿಕೊಳ್ಳುವ ಹೊಣೆಯನ್ನು ನೆರವೇರಿಸುವ ಬಗೆ ಅದು.

ಆಮೇಲೆ ಗೆರೆ ಬಟ್ಟೆಗೆ ಇಳಿಯಿತು. 1977ರಲ್ಲಿ ಯುಟೋಪಿಯಾದ ಹೆಂಗಸರು ಬಾಟಿಕ್ ಕಲಿತರು. ಬಿಸಿ ಮೇಣದಲ್ಲಿ ಗೆರೆ ಎಳೆದು ಬಟ್ಟೆಯನ್ನು ಬಣ್ಣದಲ್ಲಿ ಅದ್ದಿದರೆ, ಮೇಣವಿದ್ದಲ್ಲಿ ಬಣ್ಣ ಹಿಡಿಯದು. ಕೊನೆಗೆ ಕುದಿಸಿ ಮೇಣ ತೆಗೆಯಬೇಕು. ಎಮಿಲಿ ಹತ್ತು ವರ್ಷಕ್ಕೂ ಹೆಚ್ಚು ಕಾಲ ಈ ಕೆಲಸ ಮಾಡಿದರು.

1988ರ ಕೊನೆಗೆ ಅಕ್ರಿಲಿಕ್ ಬಣ್ಣ, ಕ್ಯಾನ್ವಾಸ್ ಬಂದವು. ಅದ್ದುವ, ಕುದಿಸುವ ಕಷ್ಟ ಇಲ್ಲವಾಯಿತು. ಆಗ ಅವರಿಗೆ ಹೆಚ್ಚುಕಡಿಮೆ ಎಂಬತ್ತು ವರ್ಷ. 1996ರಲ್ಲಿ ತೀರಿಕೊಳ್ಳುವವರೆಗಿನ ಎಂಟು ವರ್ಷಗಳಲ್ಲಿ ಸುಮಾರು 3000 ಚಿತ್ರಗಳನ್ನು ಬರೆದರು. ಮರುವರ್ಷ ಅವರ ಚಿತ್ರಗಳು ವೆನಿಸ್ ಬಿನಾಲೆ ಎಂಬ ಅಂತರರಾಷ್ಟ್ರೀಯ ಕಲಾಪ್ರದರ್ಶನದಲ್ಲಿ ಆಸ್ಟ್ರೇಲಿಯಾವನ್ನು ಪ್ರತಿನಿಧಿಸಿದವು.

ಈಗ ಒಂದು ಚಿತ್ರ ನೋಡೋಣ: 1995ರ ‘ಬಿಗ್ ಯಾಮ್ ಡ್ರೀಮಿಂಗ್’. ಮೆಲ್ಬರ್ನಿನ ನ್ಯಾಷನಲ್ ಗ್ಯಾಲರಿ ಆಫ್ ವಿಕ್ಟೋರಿಯಾದಲ್ಲಿದೆ. ಉದ್ದ ಎಂಟು ಮೀಟರ್, ಎತ್ತರ ಸುಮಾರು ಮೂರು. ಕಪ್ಪು ನೆಲದ ಮೇಲೆ ಬಿಳಿ ಗೆರೆಗಳು ಸುತ್ತಿ, ಬಾಗಿ, ಒಂದರೊಳಗೊಂದು ಹೆಣೆದುಕೊಂಡಿವೆ. ಅದು ಅಲ್ಲಿನ ಕಾಡುಗೆಣಸಿನ ಬೇರಿನ ಜಾಲ. ನಮ್ಮ ಹೆಸರುಕಾಳು, ಅಲಸಂದೆಗಳ ಕುಲಕ್ಕೇ ಸೇರಿದ ಬಳ್ಳಿ. ಗೆಡ್ಡೆ ಬಲಿತಾಗ ನೆಲ ಬಿರುಕು ಬಿಡುತ್ತದೆ. ಆ ಬಿರುಕೂ ಇದೇ ಗೆರೆ. ಆಚರಣೆಯ ಪಟ್ಟೆಯೂ ಇದೇ. ಮೂರರಲ್ಲಿ ಯಾವುದೆಂದು ಆರಿಸಬೇಕಿಲ್ಲ. ‘ಕಾಮೆ’ ಎಂಬ ಅವರ ಹೆಸರೂ ಈ ಗೆಣಸಿನ ಬೀಜದ್ದೇ.

ಇನ್ನೊಂದು ಮಾತು. ಎಮಿಲಿ ಕ್ಯಾನ್ವಾಸನ್ನು ನೆಲಕ್ಕೆ ಹಾಸಿ, ಕೂತು ಬರೆಯುತ್ತಿದ್ದರು. ಗೋಡೆಯ ಮೇಲಿದ್ದರೂ ನೀವು ಅದನ್ನು ಮೇಲಿನಿಂದ ಬಗ್ಗಿ ನೋಡುತ್ತಿದ್ದೀರಿ ಎಂದುಕೊಳ್ಳಿ. ಇದಿಷ್ಟು ರೂಢಿಯಾದ ಮೇಲೆ 1990ರ ಸುಮಾರಿನ ಅವರ ಚುಕ್ಕೆಚಿತ್ರಗಳಿಗೆ ಹೋಗಿ, ಚುಕ್ಕೆಗಳ ಅಡಿಯಲ್ಲಿ ಬೇರಿನ ಜಾಡನ್ನು ನೀವೇ ಹುಡುಕಿ.