ಹೃದಯದ ಎಕೋ ಪರೀಕ್ಷೆ



ಖಾನಾಪುರದ ಕಾಡಿನಲ್ಲಿ ಗುಡ್ಡಕ್ಕೆ ಎದುರು ನಿಂತು ಕೂಗಿದರೆ ಆ ಕೂಗು ಮರಳಿ ಬರುವುದನ್ನು ನೀವು ಬಲ್ಲಿರಿ. ಇಂಥ ಮಾರ್ದನಿಯಿಂದಲೇ ವೈದ್ಯರು ಹೃದಯವನ್ನು ಪರೀಕ್ಷಿಸುತ್ತಾರೆ. ಇದಕ್ಕೆ ಎಕೋ ಎಂದು ಹೆಸರು. 1953ರಲ್ಲಿ ಸ್ವೀಡನ್ ದೇಶದ ವೈದ್ಯ ಎಡ್ಲರ್ ಹಾಗೂ ವಿಜ್ಞಾನಿ ಹರ್ಟ್ಸ್ ಇದನ್ನು ಆರಂಭಿಸಿದರು.

ಎದೆಗೆ ಲೋಳೆಯಂಥ ಜೆಲ್ ಹಚ್ಚಿ ಚಿಕ್ಕದೊಂದು ಉಪಕರಣವನ್ನು ಒತ್ತಿ ಹಿಡಿಯುತ್ತಾರೆ. ಕಿವಿಗೆ ಕೇಳಿಸದ ಧ್ವನಿ ಒಳಹೊಕ್ಕು ಮರಳಿದಾಗ, ಬಡಿಯುತ್ತಿರುವ ಹೃದಯದ ಚಿತ್ರ ಪರದೆಯ ಮೇಲೆ ಮೂಡುತ್ತದೆ. ನೋವಿಲ್ಲ, ಎಕ್ಸ್-ರೇ ಕಿರಣವೂ ಇಲ್ಲ.

ಹೃದಯವೂ ಬಾವಿಯ ಪಂಪಿನಂತೆಯೇ. ಎಡಗಡೆಯ ಕೋಣೆಯಲ್ಲಿ 100 ಪಾಲು ರಕ್ತ ತುಂಬಿದರೆ, ಪ್ರತಿ ಬಡಿತಕ್ಕೆ ಸುಮಾರು 55ರಿಂದ 70 ಪಾಲು ಹೊರಹೋಗಬೇಕು. ಅದು 40ಕ್ಕೆ ಇಳಿದರೆ ಪಂಪು ಸೋತಿದೆಯೆಂದೇ ಅರ್ಥ. ಹೊಸ ಯಂತ್ರಗಳು ಹೃದಯದ ಸ್ನಾಯು ಎಷ್ಟು ಕುಗ್ಗುತ್ತದೆಂಬುದನ್ನೂ ಅಳೆಯುತ್ತವೆ. ಹೀಗಾಗಿ ಈ ಲೆಕ್ಕ ಇಳಿಯುವ ಮೊದಲೇ ದೋಷ ತಿಳಿಯಬಹುದು.

ನಡೆದರೆ ಏದುಸಿರು, ಕಾಲಿಗೆ ಬಾವು, ಮಲಗಿದರೆ ಉಸಿರು ಕಟ್ಟುವುದು: ಇವನ್ನು “ವಯಸ್ಸಾಯಿತು” ಎಂದು ತಳ್ಳಿಹಾಕಬೇಡಿರಿ. ಖಾನಾಪುರದ ತಾಲೂಕು ಆಸ್ಪತ್ರೆಗೆ ಹೋಗಿ ತೋರಿಸಿರಿ. ವೈದ್ಯರು ಸೂಚಿಸಿದರೆ ಅವರ ಚೀಟಿ, ರೇಷನ್ ಕಾರ್ಡು ಹಿಡಿದು ಬೆಳಗಾವಿಯಲ್ಲಿ ಎಕೋ ಮಾಡಿಸಿರಿ. ಸುಗ್ಗಿ ಮುಗಿಯಲೆಂದು ಕಾಯಬೇಡಿರಿ.

ಒಮ್ಮೆಲೇ ಎದೆನೋವು, ತಣ್ಣನೆಯ ಬೆವರು ಕಂಡರೆ ಮಾತ್ರ ಯಾವ ಪರೀಕ್ಷೆಯ ದಾರಿಯನ್ನೂ ನೋಡದೆ ಕೂಡಲೇ 108ಕ್ಕೆ ಕರೆ ಮಾಡಿರಿ.

ಬಾವಿಯ ಪಂಪು ಕೆಟ್ಟರೆ ಅದೇ ದಿನ ಮಿಸ್ತ್ರಿಯನ್ನು ಕರೆಯುವ ನಾವು, ಎದೆಯ ಪಂಪನ್ನು ಅಲಕ್ಷಿಸಬಹುದೇ?